ಬಂಡೀಪುರವೋ, ಕಬಿನಿಯೋ, ಕೆ. ಗುಡಿಯೋ? ಕಾಡಿಗಿಂತ ಮೊದಲು ಗೇಟು ಆರಿಸಿ

ಮೈಸೂರನ್ನು ನಡುವೆ ಇಟ್ಟುಕೊಂಡು ನೋಡಿದರೆ ಎರಡು-ಮೂರು ಗಂಟೆಯ ದಾರಿಯೊಳಗೆ ಸಫಾರಿಯ ಐದು ಬಾಗಿಲುಗಳಿವೆ. ಬಂಡೀಪುರಕ್ಕೆ ಮೇಲುಕಾಮನಹಳ್ಳಿ. ನಾಗರಹೊಳೆಗೆ ಮೂರು: ಕಬಿನಿ ಕಡೆಯ ದಮ್ಮನಕಟ್ಟೆ, ಹುಣಸೂರು ಕಡೆಯ ವೀರನಹೊಸಹಳ್ಳಿ, ಕೊಡಗಿನ ಕುಟ್ಟ ಹತ್ತಿರದ ನಾಣಚ್ಚಿ. ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಕ್ಯಾತದೇವರಗುಡಿ, ಎಲ್ಲರ ಬಾಯಲ್ಲಿ ಕೆ. ಗುಡಿ. "ಬಂಡೀಪುರ ಚೆನ್ನಾಗಿದೆಯೋ, ನಾಗರಹೊಳೆಯೋ?" ಎಂದು ಕೇಳುವವರೇ ಜಾಸ್ತಿ. ಆ ಪ್ರಶ್ನೆಗೆ ಉತ್ತರವಿಲ್ಲ. ಯಾವ ತಿಂಗಳು ಹೋಗುತ್ತೀರಿ, ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ, ಸ್ವಂತ ಗಾಡಿ ಇದೆಯೇ, ಜತೆಗೆ ಮಕ್ಕಳು-ವಯಸ್ಸಾದವರು ಇದ್ದಾರೆಯೇ ಎನ್ನುವುದು ಗೊತ್ತಾದರೆ ಮಾತ್ರ ಇದೋ ಅದೋ ಎಂದು ಹೇಳಬಹುದು.

ಹುಲಿ ಲೆಕ್ಕ ನೋಡಿ ಕಾಡು ಆರಿಸುವುದಂತೂ ಬೇಡ. 2022ರ ಗಣತಿಯಲ್ಲಿ ಬಂಡೀಪುರದ್ದು 150, ನಾಗರಹೊಳೆಯದ್ದು 141. ಪ್ರವಾಸಿಯ ಮಟ್ಟಿಗೆ ಎರಡೂ ಒಂದೇ. ಸಫಾರಿ ಗಾಡಿ ಓಡುವುದು ಇಡೀ ಕಾಡಿನಲ್ಲಲ್ಲ, ಅದಕ್ಕೆಂದೇ ಬಿಟ್ಟ ಸಣ್ಣ ಪಾಲಿನಲ್ಲಿ. ಆ ಪಾಲಿನಲ್ಲಿ ಆ ತಿಂಗಳು ನೀರು ಎಲ್ಲಿದೆ, ಹುಲ್ಲು ಎಷ್ಟು ಎತ್ತರ ಬೆಳೆದಿದೆ, ಲಂಟಾನ ಎಂಬ ಕಳೆ ಪೊದೆ ಎಷ್ಟು ಕವಿದಿದೆ ಎನ್ನುವುದೇ ನಿಮಗೆ ಏನು ಕಾಣುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ.

ಇನ್ನೊಂದು ಮಾತು ಮೊದಲೇ. ಹುಲಿ ದಾಳಿಯಲ್ಲಿ ರೈತರು ಸತ್ತ ಮೇಲೆ 2025ರ ನವೆಂಬರ್ 7ರಿಂದ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತ್ತು. ಆಗ ರೆಸಾರ್ಟಿಗೆ ಪೂರ್ತಿ ದುಡ್ಡು ಕಟ್ಟಿದ್ದವರ ಪಾಡು ಊಹಿಸಿಕೊಳ್ಳಿ. ಹಾಗಾಗಿ ಸಫಾರಿ ನಡೆಯುತ್ತಿದೆಯೇ, ದಿನಕ್ಕೆ ಎಷ್ಟು ಸುತ್ತು ಎಂದು ಅರಣ್ಯ ಇಲಾಖೆಯ ಬುಕಿಂಗ್ ತಾಣದಲ್ಲಿ ನೋಡಿಕೊಂಡು, ಸಫಾರಿ ಸೀಟು ಖಾತ್ರಿ ಮಾಡಿಕೊಂಡು, ಆಮೇಲೆ ರೂಮಿಗೆ ಮುಂಗಡ ಕಟ್ಟಿ. ಬಹಳ ಜನ ಮಾಡುವುದು ಇದಕ್ಕೆ ತಿರುಗುಮುರುಗು.

ಬೇಸಿಗೆಯಲ್ಲಾದರೆ ಕಬಿನಿ, ಯಾಕೆಂದರೆ

ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದರ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರದ ನಡುವೆ ಚಾಚಿಕೊಂಡಿದೆ. ಮಳೆಗಾಲ ಮುಗಿದಾಗ ಕಾಡಿನ ಅಂಚಿನವರೆಗೆ ತುಂಬಿ ನಿಂತಿರುವ ನೀರು, ಕಾಲುವೆಗೆ ಬಿಟ್ಟಂತೆಲ್ಲ ಫೆಬ್ರುವರಿಯಿಂದ ಇಳಿಯತೊಡಗುತ್ತದೆ. ನೀರು ಬಿಟ್ಟುಕೊಟ್ಟ ಕೆಸರು ನೆಲದಲ್ಲಿ ಎಳೆ ಹುಲ್ಲು ಏಳುತ್ತದೆ. ಅದೇ ಹೊತ್ತಿಗೆ ಕಾಡಿನೊಳಗಿನ ಕೆರೆ, ಹಳ್ಳ ಬತ್ತಿರುತ್ತವೆ. ಕುಡಿಯಲು ನೀರು, ಮೇಯಲು ಹುಲ್ಲು ಒಂದೇ ಜಾಗದಲ್ಲಿ ಸಿಕ್ಕಿದಾಗ ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯ ಆನೆಗಳು ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗ ಬೇರೆ ಹುಡುಕುವುದು ಕಷ್ಟ. 2022ರಲ್ಲಿ ಸತ್ತ ಭೋಗೇಶ್ವರ, ನೆಲ ಮುಟ್ಟುವ ದಂತದ ಆ ಒಂಟಿ ಸಲಗ, ಇದೇ ಹಿನ್ನೀರಿನಲ್ಲಿ ಹೆಸರು ಮಾಡಿದ್ದು. ಅದರ ಒಂದು ದಂತ 2.54 ಮೀಟರ್, ಇನ್ನೊಂದು 2.34.

ಎಡವಟ್ಟಾಗುವುದು ಎಲ್ಲಿ ಎಂದರೆ, ಶಾಲೆಗೆ ರಜ ಸಿಕ್ಕಿತೆಂದು ಮೇ ತಿಂಗಳ ಕೊನೆಯಲ್ಲಿ ಬುಕ್ ಮಾಡುವುದರಲ್ಲಿ. ಮುಂಗಾರಿಗೆ ಮೊದಲಿನ ಎರಡು ಜಡಿ ಮಳೆ ಬಿದ್ದರೆ ಸಾಕು, ಕಾಡಿನೊಳಗೆ ಅಲ್ಲಲ್ಲಿ ನೀರು ನಿಲ್ಲುತ್ತದೆ, ಚಿಗುರು ಬರುತ್ತದೆ, ಆನೆಗಳಿಗೆ ಹಿನ್ನೀರಿಗೆ ಬರುವ ದರ್ದು ಇರುವುದಿಲ್ಲ. ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಇಟ್ಟುಕೊಳ್ಳಿ. ಬಿಸಿಲು ಸುಡುತ್ತದೆ, ಒಪ್ಪಿದೆ. ಆದರೆ ಕಬಿನಿಗೆ ದುಡ್ಡು ಸುರಿಯುವುದಾದರೆ ಆಗಲೇ ಸುರಿಯಬೇಕು.

ಕಬಿನಿಯಲ್ಲಿ ದೋಣಿ ಸಫಾರಿಯೂ ಇದೆ, ಜೀಪೂ ಇದೆ. ಬೇಸಿಗೆಯ ಸಂಜೆಯಾದರೆ ದೋಣಿ: ನೀರಂಚಿನ ಆನೆ ಹಿಂಡು, ಮೊಸಳೆ, ಅದೃಷ್ಟವಿದ್ದರೆ ನೀರುನಾಯಿ. ಗಾಡಿ ಕುಲುಕಾಟವಿಲ್ಲ, ದೂಳಿಲ್ಲ, ಸೊಂಟ ನೋವಿನವರಿಗೂ ಆದೀತು. ಬೆಳಗ್ಗೆಯಾದರೆ ಜೀಪು. ಹುಲಿ, ಚಿರತೆ, ಸೀಳುನಾಯಿ ಬೇಕೆಂದಿದ್ದರೆ ಜೀಪೇ ಸರಿ. ಅಕ್ಟೋಬರಿನಲ್ಲಿ ದೋಣಿ ಹತ್ತಿದರೆ ನೋಡುವುದು ಹೆಚ್ಚಾಗಿ ನೀರನ್ನೇ. ಕೆರೆ ತುಂಬಿ ದಡವೇ ಇರುವುದಿಲ್ಲ.

ಅಗ್ಗದಲ್ಲಿ ಕಬಿನಿ ನೋಡಬೇಕೆನ್ನುವವರಿಗೂ ದಾರಿಯಿದೆ. ಹಿನ್ನೀರಿನ ದಡದ ರೆಸಾರ್ಟುಗಳ ಬಾಡಿಗೆಯಲ್ಲಿ ಸಫಾರಿ ಸೇರಿಸಿ ಹೇಳುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ. ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯದೇ ಬಸ್ಸು ಹೊರಡುತ್ತದೆ, ಆನ್‌ಲೈನ್‌ನಲ್ಲಿ ಸೀಟು ತೆಗೆದುಕೊಂಡು ಎಚ್.ಡಿ. ಕೋಟೆಯಲ್ಲೋ ಮೈಸೂರಿನಲ್ಲೋ ತಂಗಿ ಹೋಗಿಬರಬಹುದು. ಗಾಡಿ ಓಡುವುದು ಅದೇ ಕಾಡಿನಲ್ಲಿ. ಒಂದೇ ತೊಂದರೆ, ಬಸ್ಸಿನಲ್ಲಿ ಬರುವವರಿಗೆ ಈ ಗೇಟು ಹೇಳಿದ್ದಲ್ಲ. ಸ್ವಂತ ಗಾಡಿಯೋ ಬಾಡಿಗೆ ಕಾರೋ ಬೇಕೇ ಬೇಕು.

ಬಂಡೀಪುರ ಯಾರಿಗೆ

ಗಾಡಿ ಇಲ್ಲದವರಿಗೆ, ಒಂದೇ ದಿನ ಇರುವವರಿಗೆ, ಊಟಿಗೆ ಹೋಗುತ್ತ ಒಂದು ಸಫಾರಿ ಮುಗಿಸಿಕೊಳ್ಳುವ ಎಂದಿರುವವರಿಗೆ. ಮೈಸೂರಿನಿಂದ ಸುಮಾರು 80 ಕಿ.ಮೀ., ಊಟಿ ಬಸ್ಸುಗಳೆಲ್ಲ ಇದೇ ದಾರಿಯಲ್ಲಿ ಹೋಗುತ್ತವೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಹಾಗಾಗಿ ಹೆಸರು ಹಳೆಯದು, ಜನವೂ ಹೆಚ್ಚು. ಶನಿವಾರ-ಭಾನುವಾರ ಕೌಂಟರಿನ ಮುಂದೆ ನಿಂತು ಟಿಕೆಟ್ ಸಿಗುತ್ತದೆಂದು ನಂಬಬೇಡಿ.

ಮ್ಯಾಪಿನಲ್ಲಿ ಬರೀ "ಬಂಡೀಪುರ" ಎಂದು ಹಾಕಿಕೊಂಡು ಹೊರಟರೆ ಅದು ಕಾಡಿನೊಳಗಿನ ಹಳೆಯ ಆವರಣಕ್ಕೆ ಕರೆದೊಯ್ಯುತ್ತದೆ. ಸಫಾರಿ ಈಗ ಹೊರಡುವುದು ಮೇಲುಕಾಮನಹಳ್ಳಿಯಿಂದ, ಅದು ಗುಂಡ್ಲುಪೇಟೆ ಕಡೆಯಿಂದ ಬರುವಾಗ ಕಾಡು ಸಿಗುವ ಮುಂಚೆಯೇ ಬರುತ್ತದೆ. ಹೊರಡುವ ಹೊತ್ತಿಗೆ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಮೂಲ ಪ್ರತಿ ಕೈಯಲ್ಲಿರಲಿ.

ಬಂಡೀಪುರ ಒಣ ಎಲೆ ಉದುರುವ ಕಾಡು, ಮಳೆ ನೆರಳಿನ ಭಾಗ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಇಲ್ಲಿ ಹೋಗಿಬರಲು ಅಡ್ಡಿಯಿಲ್ಲ. ಮಧ್ಯ ಭಾರತದ ಕಾಡುಗಳಂತೆ ಮಳೆಗಾಲಕ್ಕೆಂದು ಬಾಗಿಲು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹುಲಿ ಆಗ ಕಾಣುವುದು ಕಡಿಮೆ, ಆದರೆ ಹಸಿರು ಬಯಲಿನಲ್ಲಿ ಆನೆ, ಕಾಟಿ (ಕಾಡುಕೋಣ), ಜಿಂಕೆ ಹಿಂಡು, ಗರಿ ಬಿಚ್ಚಿದ ನವಿಲು ಚೆನ್ನಾಗಿ ಸಿಗುತ್ತವೆ. ಗುಂಡ್ಲುಪೇಟೆಯ ಆಸುಪಾಸಿನ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂವು ಅರಳುವುದೂ ಆಗಲೇ. ಚಿಕ್ಕ ಮಕ್ಕಳ ಸಂಸಾರಕ್ಕೆ ಬೇಸಿಗೆಯ ಬಂಡೀಪುರಕ್ಕಿಂತ ಜುಲೈ-ಆಗಸ್ಟಿನ ಬಂಡೀಪುರವೇ ವಾಸಿ.

ಬೇಸಿಗೆಯಲ್ಲಿ ಮರ ಬೋಳಾಗಿ ದೂರದವರೆಗೆ ಕಾಣುತ್ತದೆ ಎನ್ನುವುದು ಅರ್ಧ ನಿಜ. ಮರದ ಎಲೆ ಉದುರುತ್ತದೆ, ಲಂಟಾನದ ಪೊದೆ ಹಾಗೇ ನಿಂತಿರುತ್ತದೆ. ರಸ್ತೆಯಿಂದ ಹತ್ತಡಿ ಆಚೆ ಹುಲಿ ಮಲಗಿದ್ದರೂ ಗೊತ್ತಾಗುವುದಿಲ್ಲ. ಜತೆಗೆ ಬೆಂಕಿಯ ಭಯ. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಎದ್ದ ಬೆಂಕಿಗೆ ಸಾವಿರಾರು ಎಕರೆ ಸುಟ್ಟುಹೋಯಿತು. ಅಂಥ ದಿನಗಳಲ್ಲಿ ಸಫಾರಿ ರದ್ದಾಗುವ ಸಾಧ್ಯತೆ ಇಟ್ಟುಕೊಂಡೇ ಹೊರಡಬೇಕು.

ಮಂಗಲ ಊರಿನ ಸುತ್ತ ಖಾಸಗಿ ರೆಸಾರ್ಟುಗಳು ಬೇಕಾದಷ್ಟಿವೆ. "ನಮ್ಮದೇ ಸಫಾರಿ" ಎಂದು ಯಾರಾದರೂ ಹೇಳಿದರೆ ಎರಡು ಸಲ ಕೇಳಿ. ಹುಲಿ ಕಾಡಿನೊಳಗೆ ಗಾಡಿ ಬಿಡುವುದು ಅರಣ್ಯ ಇಲಾಖೆ ಮತ್ತು ಸರ್ಕಾರದ ಜಂಗಲ್ ಲಾಡ್ಜಸ್ ಮಾತ್ರ. ಉಳಿದವರು ತೋರಿಸುವುದು ಹೆದ್ದಾರಿಯನ್ನು, ಇಲ್ಲವೇ ಹೊಲದಂಚನ್ನು. ಗಡಿಯಾಚೆ ತಮಿಳುನಾಡಿನ ಮಸಿನಗುಡಿ ಕಡೆ ರಾತ್ರಿ ಜೀಪಿನಲ್ಲಿ ಟಾರ್ಚು ಬಿಟ್ಟು ಸುತ್ತಿಸುತ್ತೇವೆ ಎನ್ನುವವರೂ ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಪ್ರವಾಸಿಯ ತಲೆಗೂ ಬರುತ್ತದೆ.

ನಾಗರಹೊಳೆಯ ಉಳಿದೆರಡು ಗೇಟು

ಇಲ್ಲಿ ಆಗುವ ತಪ್ಪು ಪ್ರತಿ ವಾರವೂ ಒಂದೇ. ಬುಕಿಂಗ್ ತಾಣದಲ್ಲಿ "ನಾಗರಹೊಳೆ" ಎಂದು ಕಂಡೊಡನೆ ನಾಣಚ್ಚಿಯ ಸೀಟು ತೆಗೆದುಕೊಳ್ಳುತ್ತಾರೆ, ಉಳಿಯುವುದು ಕಬಿನಿಯ ರೆಸಾರ್ಟಿನಲ್ಲಿ. ಕಾಡು ಒಂದೇ, ಆದರೆ ಅಡ್ಡ ಹಾಯಲು ಬರುವುದಿಲ್ಲ. ಬಾವಲಿ, ಕಾಟಿಕುಳಂ, ತೋಲ್ಪೆಟ್ಟಿ ಎಂದು ಕೇರಳ ಸುತ್ತಿ ಕುಟ್ಟ ಮುಟ್ಟಲು ಒಂದೂವರೆ ಗಂಟೆಗೂ ಮೇಲೆ. ಬೆಳಗಿನ ಸಫಾರಿಯಂತೂ ಕೈತಪ್ಪಿದಂತೆಯೇ, ಯಾಕೆಂದರೆ ಬಾವಲಿ ರಸ್ತೆಯ ಗೇಟು ಸಂಜೆ 6ಕ್ಕೆ ಮುಚ್ಚಿದರೆ ತೆಗೆಯುವುದು ಮರುದಿನ ಬೆಳಗ್ಗೆ 6ಕ್ಕೆ.

ಕೊಡಗು ಪ್ರವಾಸದ ನಡುವೆ ಒಂದು ಸಫಾರಿ ಬೇಕು ಎನ್ನುವವರಿಗೆ ನಾಣಚ್ಚಿ ಸರಿ. ಇರ್ಪು ಜಲಪಾತ ಹತ್ತಿರ, ಆಚೆಗೆ ತೋಲ್ಪೆಟ್ಟಿ, ತಿರುನೆಲ್ಲಿ. ಈ ಭಾಗದ ಕಾಡು ಬಂಡೀಪುರಕ್ಕಿಂತ ತೇವ, ಮರ ಎತ್ತರ. ನಡುನಡುವೆ ಹಡ್ಲುಗಳು ಬರುತ್ತವೆ, ಅಂದರೆ ಜೌಗು ನೆಲದ ಹುಲ್ಲುಬಯಲು. ಕಾಟಿ, ಆನೆ ಮೇಯಲು ಹೊರಬರುವುದು ಅಲ್ಲಿಗೇ. ಗಾಡಿ ಹಡ್ಲಿನ ಹತ್ತಿರ ಬಂದಾಗ ಕ್ಯಾಮೆರಾ ಎತ್ತಿಟ್ಟುಕೊಂಡಿರಿ. ಜೂನ್-ಜುಲೈನಲ್ಲಿ ಜಿಗಣೆ ಇದ್ದೇ ಇರುತ್ತದೆ.

ವೀರನಹೊಸಹಳ್ಳಿ ಮೈಸೂರಿನಿಂದ ಬೆಳಗ್ಗೆ ಎದ್ದು ಹೋಗಿ ಊಟದ ಹೊತ್ತಿಗೆ ವಾಪಸಾಗುವವರಿಗೆ ಅನುಕೂಲ. ಜನಜಂಗುಳಿ ಕಡಿಮೆ. ತಂಗಲು ಆಯ್ಕೆಗಳೂ ಕಡಿಮೆ.

ಕೆ. ಗುಡಿ

ಹುಲಿ ನೋಡಲೇಬೇಕು ಎನ್ನುವ ಹಟದವರು ಇತ್ತ ಬರುವುದು ಬೇಡ. 2011ರಲ್ಲಿ ಹುಲಿ ಮೀಸಲು ಎಂದು ಘೋಷಣೆಯಾದ ಕಾಡು ಇದು, ಹುಲಿ ಇದೆ, ಆದರೆ ಬೆಟ್ಟ, ಕಣಿವೆ, ದಟ್ಟ ಮರಗಳ ನಡುವೆ ಕಾಣುವುದು ಅಪರೂಪ. ಕಾಟಿ, ಕಡವೆ, ಕಾಡುಕುರಿ, ಕರಡಿ, ಹಕ್ಕಿಗಳು ಇಲ್ಲಿನ ಬಂಡವಾಳ. ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಕೂಡಿಸುವ ಬೆಟ್ಟಸಾಲು ಆಗಿರುವುದರಿಂದ ಒಂದೇ ಸಫಾರಿಯಲ್ಲಿ ಕುರುಚಲು ಕಾಡೂ ಸಿಗುತ್ತದೆ, ನಿತ್ಯಹರಿದ್ವರ್ಣದ ತೋಪೂ ಸಿಗುತ್ತದೆ, ಮೇಲೆ ಹುಲ್ಲುಗಾವಲು. ಬಂಡೀಪುರದಲ್ಲಿ ಒಂದು ಹುಲಿಗೆ ಏಳು ಗಾಡಿ ಮುತ್ತಿಕೊಳ್ಳುವುದನ್ನು ಕಂಡು ಬೇಸತ್ತವರು ಒಮ್ಮೆ ಇಲ್ಲಿಗೆ ಬರಬೇಕು.

ಚಾಮರಾಜನಗರಕ್ಕೆ ಮೈಸೂರಿನಿಂದ ರೈಲಿದೆ. ಅಲ್ಲಿಂದ ಕೆ. ಗುಡಿ, ಮುಂದೆ ಬಿಳಿಗಿರಿರಂಗನ ಬೆಟ್ಟ, ಇಳಿದರೆ ಯಳಂದೂರು. ಈ ರಸ್ತೆಯೇ ಕಾಡಿನೊಳಗೆ ಹಾದುಹೋಗುತ್ತದೆ, ಎರಡೂ ತುದಿಯಲ್ಲಿ ಚೆಕ್‌ಪೋಸ್ಟು, ಕತ್ತಲಾದ ಮೇಲೆ ಬಿಡುವುದಿಲ್ಲ. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿದರೆ ದಾರಿಯೇ ಅರ್ಧ ಸಫಾರಿ. ರಂಗನಾಥನಿಗೆ ದೊಡ್ಡ ಚಮ್ಮಾವುಗೆ, ಅಂದರೆ ತೊಗಲಿನ ಪಾದರಕ್ಷೆ, ಮಾಡಿ ಅರ್ಪಿಸುವ ಪದ್ಧತಿ ಇಲ್ಲಿಯದು, ದೇವಸ್ಥಾನದಲ್ಲಿ ಅವನ್ನು ನೋಡಬಹುದು. ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು, ಕಾಡಿನೊಳಗೇ ಇವೆ. ಹುಲಿ ಮೀಸಲಿನೊಳಗೆ ಬುಡಕಟ್ಟಿನವರ ಅರಣ್ಯ ಹಕ್ಕಿಗೆ 2011ರಲ್ಲಿ ಮಾನ್ಯತೆ ಸಿಕ್ಕಿದ್ದು ಮೊದಲು ಇಲ್ಲಿಯೇ. ಪೋಡಿಗೆ ಕ್ಯಾಮೆರಾ ಹಿಡಿದು ನುಗ್ಗುವುದು ಬೇಡ. ಅವರ ಜೇನು, ಕಾಫಿ ಪುಡಿ ಮಾರುವ ಅಂಗಡಿಯಲ್ಲಿ ಕೊಂಡರೆ ಸಾಕು. ಡಿಸೆಂಬರ್-ಜನವರಿಯ ಮುಂಜಾನೆ ತೆರೆದ ಜೀಪಿನಲ್ಲಿ ಕಿವಿ ಮರಗಟ್ಟುತ್ತದೆ. ಮಂಕಿ ಕ್ಯಾಪನ್ನು ಗೇಲಿ ಮಾಡಿದವರೇ ಕಡೆಗೆ ಕೇಳಿ ಹಾಕಿಕೊಳ್ಳುವುದು.

ಮೈಸೂರಿನ ಸುತ್ತಳತೆ ಬಿಟ್ಟು ಹೋಗಲು ತಯಾರಿದ್ದರೆ ಭದ್ರಾ ಹುಲಿ ಮೀಸಲು ಒಂದು. ಲಕ್ಕವಳ್ಳಿಯ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಗೆ ರಿವರ್ ಟರ್ನ್ ಹಕ್ಕಿಗಳು ಗೂಡು ಕಟ್ಟುತ್ತವೆ, ದೋಣಿಯಿಂದ ನೋಡುವ ಹಾಗಿದೆ. ದಾಂಡೇಲಿ ಹುಲಿಗಲ್ಲ, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗೆ. ಮಲೆನಾಡಿನ ಕಡೆ ಹೋಗುವವರು ಬೇಸಿಗೆಯಲ್ಲಿ ಉಣ್ಣಿ ಹುಳು (ಉಣುಗು) ಕಚ್ಚದಂತೆ ತುಂಬು ತೋಳು, ಉದ್ದ ಕಾಲುಚೀಲ ಹಾಕಬೇಕು. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ.

ಬಸ್ಸೋ ಜೀಪೋ

ಜೀಪೇ ಮೇಲು ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಹಾಗಲ್ಲ. ಇಲಾಖೆಯ ಬಸ್ಸಿನಲ್ಲಿ ಇಪ್ಪತ್ತು ಚಿಲ್ಲರೆ ಜನ, ಗಲಾಟೆ, ಡೀಸೆಲ್ ಸದ್ದು, ಅಗಲ ದಾರಿಯಲ್ಲಷ್ಟೇ ಓಡಾಟ. ಆದರೆ ಕೂರುವ ಎತ್ತರ ಜೀಪಿಗಿಂತ ಹೆಚ್ಚು, ಲಂಟಾನದ ಮೇಲಿಂದ ಕಣ್ಣು ಹಾಯುತ್ತದೆ. ದರ ಕಡಿಮೆ. ಜೀಪಿನಲ್ಲಿ ಆರೆಂಟು ಜನ, ಚಾಲಕ ಎಂಜಿನ್ ಆರಿಸಿ ಹತ್ತು ನಿಮಿಷ ಕಾಯುತ್ತಾನೆ, ಬಸ್ಸಿನಲ್ಲಿ ಅಷ್ಟು ತಾಳ್ಮೆ ಇರುವುದಿಲ್ಲ. ನಿಜವಾದ ವ್ಯತ್ಯಾಸ ಆ ಹತ್ತು ನಿಮಿಷದ್ದು.

ಆ ಹತ್ತು ನಿಮಿಷದಲ್ಲಿ ಕೇಳಬೇಕಾದ್ದು ಎಚ್ಚರಿಕೆಯ ಕೂಗು. ಜಿಂಕೆ ಬಾಲ ಎತ್ತಿ, ಮುಂಗಾಲು ನೆಲಕ್ಕೆ ಕುಟ್ಟಿ ಕೂಗುತ್ತದೆ; ಆದರೆ ಜಿಂಕೆ ಪುಕ್ಕಲು, ಸುಳ್ಳು ಕೂಗೂ ಹಾಕುತ್ತದೆ. ಮರದ ತುದಿಯ ಮುಸುವ ಒಂದೇ ದಿಕ್ಕಿಗೆ ಮುಖ ಮಾಡಿ ಕೆಮ್ಮಿದಂತೆ ಕೂಗಿದರೆ ಆ ದಿಕ್ಕು ನೋಡಿ. ಕಡವೆ ಗಡಸು ದನಿಯಲ್ಲಿ ಬಿಟ್ಟುಬಿಟ್ಟು ಕೂಗುತ್ತಲೇ ಇದ್ದರೆ ಹುಲಿಯೋ ಚಿರತೆಯೋ ನಡೆಯುತ್ತಿದೆ ಎಂದೇ ಲೆಕ್ಕ. ಆಗ ಪಿಸುಗುಟ್ಟುವುದೂ ಬೇಡ, ಚಾಲಕನಿಗೆ "ಅತ್ತ ಹೋಗಿ" ಎಂದು ಒತ್ತಾಯಿಸುವುದೂ ಬೇಡ. ಪ್ರಾಣಿ ಎಲ್ಲಿ ದಾರಿ ದಾಟುತ್ತದೆ ಎಂಬುದು ಅವನಿಗೆ ಗೊತ್ತು.

ಬಸ್ಸಿನಲ್ಲಾದರೆ ಹಿಂದಿನ ಸಾಲು ಬಿಡಿ: ಹಿಂದಿನ ಚಕ್ರದ ಮೇಲೆ ಕುಲುಕಾಟ ಜಾಸ್ತಿ, ದೂಳೆಲ್ಲ ಅಲ್ಲಿಗೇ. ಕ್ಯಾಮೆರಾಗೆ ಲೆನ್ಸ್ ನೋಡಿ ಬೇರೆ ಶುಲ್ಕ ಹಾಕುತ್ತಾರೆ, ಅದನ್ನು ಬಜೆಟ್ಟಿನಲ್ಲಿ ಸೇರಿಸಿ. ಟ್ರೈಪಾಡ್ ಗಾಡಿಯಲ್ಲಿ ನಿಲ್ಲುವುದಿಲ್ಲ; ಅಕ್ಕಿಯೋ ರಾಗಿಯೋ ತುಂಬಿದ ಸಣ್ಣ ಬಟ್ಟೆ ಚೀಲ ಕಂಬಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಇಡುವುದು ಎಷ್ಟೋ ಮೇಲು. 8x42 ದುರ್ಬೀನು ಒಂದಿದ್ದರೆ ಇಡೀ ಸಂಸಾರಕ್ಕೆ ಆಗುತ್ತದೆ.

ಎರಡು ರಾತ್ರಿ ಇದ್ದರೆ ಒಂದೇ ಗೇಟಿನಿಂದ ಮೂರು ಸಫಾರಿ ಮಾಡಿ: ಸಂಜೆ, ಬೆಳಗ್ಗೆ, ಸಂಜೆ. ಮೂರು ಗೇಟಿಗೆ ಒಂದೊಂದು ಸಫಾರಿ ಹಂಚಿದರೆ ನೋಡುವುದಕ್ಕಿಂತ ಓಡಾಡುವುದೇ ಜಾಸ್ತಿಯಾಗುತ್ತದೆ.

ರಸ್ತೆ, ಹೊತ್ತು, ಸುತ್ತಮುತ್ತ

ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು (1,454 ಮೀಟರ್) ಬೆಳಗಿನ ಸಫಾರಿ ಮುಗಿಸಿ ಹತ್ತು ಗಂಟೆಯ ಮೇಲೆ ಇಟ್ಟುಕೊಳ್ಳಿ. ಸ್ವಂತ ಗಾಡಿ ಬುಡದಲ್ಲೇ ನಿಲ್ಲಿಸಬೇಕು, ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸು. ಸಂಜೆಗೆ ಮುಂಚೆಯೇ ಮುಚ್ಚುತ್ತದೆ, ಹಾಗಾಗಿ ಸಂಜೆ ಸಫಾರಿಯ ದಿನ ಮಧ್ಯಾಹ್ನ ಇದನ್ನು ತುರುಕಿದರೆ ಎರಡರಲ್ಲಿ ಒಂದು ತಪ್ಪುತ್ತದೆ.

ಗುಂಡ್ಲುಪೇಟೆಯಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಎರಡೂ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ನೀಲಗಿರಿಗೆ ಹೊರಗಿನ ಗಾಡಿಗಳಿಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಬಂದಿತು, ಮನೆ ಬಿಡುವ ಮುನ್ನವೇ ತೆಗೆದುಕೊಳ್ಳಿ. ಮಸಿನಗುಡಿಯಿಂದ 36 ತಿರುವಿನ ಕಲ್ಲಟ್ಟಿ ಘಾಟಿ ಹತ್ತಬಹುದು, ಊಟಿಯಿಂದ ಅದೇ ದಾರಿಯಲ್ಲಿ ಇಳಿಯಲು ಹೊರಗಿನವರನ್ನು ಬಿಡುವುದಿಲ್ಲ; ಬ್ರೇಕು ಕಾದು ಸೋತು ಉರುಳಿದ ಗಾಡಿಗಳೇ ಅದಕ್ಕೆ ಕಾರಣ. ವಾಪಸ್ಸು ಗೂಡಲೂರಿನ ಮೇಲೆ ಬನ್ನಿ, ಒಂದು ಗಂಟೆ ಹೆಚ್ಚಿಟ್ಟುಕೊಳ್ಳಿ.

ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಜತೆ ಸೆಲ್ಫಿಗೆ ಹೋದವನೊಬ್ಬ ಅದರ ಕಾಲಡಿ ಸಿಕ್ಕೂ ಬದುಕಿದ, ಮೇಲೆ 25,000 ರೂಪಾಯಿ ದಂಡವನ್ನೂ ಕಟ್ಟಿದ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿಸಿ, ಹಾರನ್ ಹೊಡೆಯದೆ, ಎಂಜಿನ್ ಆರಿಸದೆ, ಹಿಂದಕ್ಕೆ ಹೋಗಲು ಜಾಗ ಬಿಟ್ಟುಕೊಂಡು ಕಾಯಿರಿ. ಹಿಂದಿನ ಗಾಡಿಯವನು ಮೈಮೇಲೆ ಬಂದು ನಿಂತರೆ ಕೈ ತೋರಿಸಿ ಹಿಂದಕ್ಕೆ ಕಳಿಸಿ. ಮರಿ ಜತೆಗಿದ್ದರೆ ಇನ್ನಷ್ಟು ದೂರ.